ಮುಮ್ತಾಜ್ ಮಹಲ್: ಒಂದು ಕುದುರೆಯ ಕಥೆ

ಚಾಮುಂಡಿ ಬೆಟ್ಟದ ಅಡಿಯಲ್ಲಿ, ಲಲಿತ ಮಹಲಿನ ಬಿಳಿಯ ಗುಮ್ಮಟ ಕಾಣುವಷ್ಟು ದೂರದಲ್ಲಿ ಹರಡಿಕೊಂಡಿರುವ ಮೈಸೂರಿನ ರೇಸ್ ಕೋರ್ಸನ್ನು ನೋಡದ ಮೈಸೂರಿಗರು ವಿರಳ. ಒಳಗೆ ಹೋಗಿ ಹಣ ಕಟ್ಟಿದವರು ಎಷ್ಟೋ, ಹೋಗಿಲ್ಲವೆಂದು ಮನೆಯಲ್ಲಿ ಹೇಳಿಕೊಂಡವರು ಎಷ್ಟೋ, ಆ ಲೆಕ್ಕ ಇಲ್ಲಿ ಬೇಡ. 1891ರಲ್ಲಿ ಆರಂಭವಾದ ಮೈಸೂರು ರೇಸ್ ಕ್ಲಬ್ಬಿನ ಪಂದ್ಯಗಳಿಗೆ ದಸರೆಯ ಆಸುಪಾಸಿನ ದಿನಗಳಲ್ಲಿ ವಿಶೇಷವಾದ ಕಳೆ ಬರುತ್ತದೆ. ಪಂದ್ಯದ ದಿನ ಮೈದಾನದಲ್ಲಿ ಎಲ್ಲರ ಕೈಯಲ್ಲಿಯೂ ಒಂದು ರೇಸ್ ಪುಸ್ತಕ. ಅದರಲ್ಲಿ ಪ್ರತಿಯೊಂದು ಕುದುರೆಯ ಹೆಸರಿನ ಜೊತೆಯಲ್ಲಿ, ಅದು ಹೊರುವ ತೂಕ, ಏರುವ ಸವಾರ, ಪಳಗಿಸಿದವರ ಹೆಸರು ಇವುಗಳ ನಡುವೆ, ಸಣ್ಣ ಅಕ್ಷರಗಳಲ್ಲಿ ಇನ್ನೆರಡು ಹೆಸರುಗಳು ಅಚ್ಚಾಗಿರುತ್ತವೆ: ಮೊದಲನೆಯದು ಅದರ ತಂದೆ, ಎರಡನೆಯದು ತಾಯಿ. ಜೂಜಿನ ಆತುರದಲ್ಲಿರುವವನು ಆ ಸಣ್ಣ ಅಕ್ಷರಗಳನ್ನು ಓದುವುದಿಲ್ಲ. ಕುದುರೆಯನ್ನು ಬಲ್ಲವನು ಮೊದಲು ಓದುವುದು ಅದನ್ನೇ.

ಋಷಿಮೂಲ ನದೀಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಕುದುರೆಯ ಮೂಲವನ್ನಾದರೋ ಹುಡುಕಲೇಬೇಕು. ಆ ಸಣ್ಣ ಅಕ್ಷರಗಳ ಜಾಡು ಹಿಡಿದು ಎಂಟು ತಲೆಮಾರು ಹಿಂದಕ್ಕೆ ನಡೆದರೆ, ಮೈಸೂರನ್ನು ಎಂದೂ ಕಾಣದ, ಭಾರತದ ನೆಲವನ್ನೇ ಮೆಟ್ಟದ, ಆದರೆ ಒಬ್ಬ ಭಾರತೀಯರ ಸ್ವತ್ತಾಗಿದ್ದ ಬೂದುಬಣ್ಣದ ಒಂದು ಹೆಣ್ಣುಕುದುರೆ ಎದುರಾಗುತ್ತದೆ. ಅದರ ಹೆಸರು ಮುಮ್ತಾಜ್ ಮಹಲ್. 1923ರಲ್ಲಿ ಇಂಗ್ಲೆಂಡಿನ ಜನ ಅದಕ್ಕೆ 'ಹಾರುವ ಫಿಲ್ಲಿ' ಎಂದು ಅಡ್ಡಹೆಸರಿಟ್ಟರು. ಫಿಲ್ಲಿಯೆಂದರೆ ಇನ್ನೂ ಪೂರ್ಣವಯಸ್ಕಳಾಗದ ಹೆಣ್ಣುಕುದುರೆ. ಕೇಶಿರಾಜನ ವ್ಯಾಕರಣವನ್ನು ಅನುಸರಿಸುವುದಾದರೆ ಕುದುರೆಗೆ ಸಲ್ಲುವುದು ನಪುಂಸಕಲಿಂಗವೇ. ಆದರೆ ಕುದುರೆಯ ಲಾಯದಲ್ಲಿ ಕೇಶಿರಾಜನ ಮಾತು ನಡೆಯುವುದಿಲ್ಲ. ಅಲ್ಲಿ ಹೆಣ್ಣುಕುದುರೆ ಯಾವಾಗಲೂ 'ಅವಳು'. ಈ ಕಥೆಯಲ್ಲಿಯೂ ಹಾಗೆಯೇ ಇರಲಿ.

ಅವಳ ಕಥೆಗೆ ಮುಂಚೆ ಅವಳ ಜಾತಿಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಥರೋಬ್ರೆಡ್ ಎಂದು ಪ್ರಸಿದ್ಧವಾದ ಪಂದ್ಯದ ಕುದುರೆಯ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತಾದರೂ ಅದರ ಗಂಡುಮೂಲ ಪೂರ್ವದೇಶದ್ದು. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ಇಂಗ್ಲೆಂಡನ್ನು ಸೇರಿದ ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಕುದುರೆಗಳೇ ಇಂದಿನ ಎಲ್ಲ ಪಂದ್ಯದ ಕುದುರೆಗಳಿಗೂ ಗಂಡುಸಾಲಿನಲ್ಲಿ ಮೂಲಪುರುಷರು. ಅರಬ್ಬೀ ಕುದುರೆಯ ಮೇಲಿನ ವ್ಯಾಮೋಹ ಕನ್ನಡಿಗರಿಗೆ ಹೊಸದಲ್ಲ. ವಿಜಯನಗರದ ಅರಸರು ಹೊರ್ಮುಜಿನಿಂದ ಹಡಗುಗಳಲ್ಲಿ ಕುದುರೆಗಳನ್ನು ತರಿಸುತ್ತಿದ್ದರು. ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವಂತೆ, ಸಾಳುವ ನರಸಿಂಹನು ಕಡಲ ಹಾದಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಕನ್ನಡದಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕುರಿತು ಗ್ರಂಥವನ್ನೇ ಬರೆದನು. ಇಷ್ಟೆಲ್ಲ ಹಣವನ್ನು ಸುರಿದರೂ ನಮ್ಮ ಅರಸರು ಮಾಡದ ಒಂದು ಕೆಲಸವನ್ನು ಇಂಗ್ಲಿಷರು ಮಾಡಿದರು. ಅದೆಂದರೆ ಯಾವ ಕುದುರೆಗೆ ಯಾವುದು ಹುಟ್ಟಿತೆಂಬುದನ್ನು ತಪ್ಪದೆ ಬರೆದಿಟ್ಟುದು. ಅವರ ವಂಶಾವಳಿಯ ಮಹಾಗ್ರಂಥವಾದ ಜನರಲ್ ಸ್ಟಡ್ ಬುಕ್ಕಿನ ಪ್ರಥಮ ರೂಪ ಹೊರಬಂದುದು 1791ರಲ್ಲಿ. ಕುಣಿಗಲ್ಲಿನಲ್ಲಿ ಟಿಪ್ಪುವಿನ ದಂಡಿಗಾಗಿ ಕುದುರೆ ಫಾರಂ ಸ್ಥಾಪನೆಯಾದುದು ಅದಕ್ಕೆ ಒಂದೇ ವರ್ಷ ಮೊದಲು, 1790ರಲ್ಲಿ. ಆಗ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಈ ಎರಡು ಸಂಗತಿಗಳು ಇನ್ನೂರು ವರ್ಷಗಳ ಬಳಿಕ ಸಂಧಿಸಿದ ಬಗೆ ಮುಂದೆ ಬರುತ್ತದೆ.

ಮುಮ್ತಾಜ್ ಮಹಲ್ ಹುಟ್ಟಿದುದು 1921ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ಸ್ಲೆಡ್‌ಮಿಯರ್ ಎಂಬ ಅಶ್ವಶಾಲೆಯಲ್ಲಿ, ಲೇಡಿ ಸೈಕ್ಸ್ ಅವರ ಒಡೆತನದಲ್ಲಿ. ಮೈಸೂರಿನಲ್ಲಿ ಲಲಿತ ಮಹಲಿಗೆ ಅಸ್ತಿವಾರ ಬಿದ್ದುದೂ ಅದೇ ವರ್ಷ. ಅವಳ ತಂದೆ ದಿ ಟೆಟ್ರಾರ್ಕ್ ಎಂಬುದು ಒಂದು ವಿಚಿತ್ರ ಪ್ರಾಣಿ. ಬೂದುಬಣ್ಣದ ಮೈಮೇಲೆ ಯಾರೋ ಸುಣ್ಣವನ್ನು ಎರಚಿದಂತೆ ಬಿಳಿಯ ಮಚ್ಚೆಗಳು. ಮೊದಲು ನೋಡಿದವರು ನಕ್ಕರು. ಆದರೆ 1913ರಲ್ಲಿ, ಎರಡು ವರ್ಷದ ಮರಿಯಾಗಿದ್ದಾಗ, ಅದು ಏಳು ಪಂದ್ಯಗಳಲ್ಲಿ ಓಡಿ ಏಳರಲ್ಲಿಯೂ ಗೆದ್ದಿತು. ಕಾಲಿನ ಪೆಟ್ಟಿನಿಂದಾಗಿ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ತಳಿಗೆ ಬಿಟ್ಟಾಗ ಅದಕ್ಕೆ ಹೆಣ್ಣುಗಳ ಮೇಲೆ ಆಸಕ್ತಿ ಕಡಿಮೆಯಿತ್ತೆಂದು ಲಾಯದವರು ಬೇಸರಪಟ್ಟುಕೊಂಡರು. ಅದರ ಇಡೀ ಜೀವಮಾನದ ಸಂತತಿ 130 ಮರಿಗಳು ಮಾತ್ರ. ಅವಳ ತಾಯಿ ಲೇಡಿ ಜೋಸೆಫೀನ್, ಸಂಡ್ರಿಜ್ ಎಂಬ ಮಹಾವೇಗಿಯ ಮಗಳು. ತಂದೆಯ ಕಡೆ ವೇಗ, ತಾಯಿಯ ಕಡೆಯೂ ವೇಗ. ಹೀಗೆ ಹುಟ್ಟಿದ ಮಗು ಹೇಗೆ ಓಡೀತೆಂಬುದನ್ನು ಊಹಿಸುವುದು ಕಷ್ಟವಲ್ಲ; ಎಷ್ಟು ದೂರ ಓಡೀತೆಂಬುದೇ ಸಂಶಯದ ವಿಷಯ.

1922ರಲ್ಲಿ ಡಾನ್‌ಕ್ಯಾಸ್ಟರಿನ ಹರಾಜಿನಲ್ಲಿ, ಒಂದು ವರ್ಷದ ಈ ಮರಿಯನ್ನು ಜಾರ್ಜ್ ಲ್ಯಾಂಬ್ಟನ್ ಎಂಬ ಕುದುರೆಪಾರಖಿ 9,100 ಗಿನಿಗಳಿಗೆ ಕೂಗಿ ಕೊಂಡರು. ಗಿನಿಯೆಂದರೆ ಇಪ್ಪತ್ತೊಂದು ಷಿಲ್ಲಿಂಗು; ಆದುದರಿಂದ ಬೆಲೆ 9,555 ಪೌಂಡು. ಲ್ಯಾಂಬ್ಟನ್ನರು ಕೊಂಡುದು ತಮಗಾಗಿ ಅಲ್ಲ, ಇಸ್ಮಾಯಿಲಿ ಪಂಗಡದ ಇಮಾಮರಾದ ಮೂರನೆಯ ಆಗಾ ಖಾನರಿಗಾಗಿ. 1877ರಲ್ಲಿ ಕರಾಚಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಆಗಾ ಖಾನರ ಮನೆತನಕ್ಕೆ ಅಜ್ಜನ ಕಾಲದಿಂದಲೂ ಕುದುರೆಯ ಹುಚ್ಚು. ಮುಂಬಯಿ, ಪುಣೆಗಳ ಮೈದಾನಗಳಲ್ಲಿ ಅವರ ಅರಬ್ಬೀ ಕುದುರೆಗಳು ಓಡಿದುವು. ಇಂಗ್ಲೆಂಡಿನ ಪಂದ್ಯಗಳಿಗೆ ಅವರು ಕಾಲಿಟ್ಟುದು ಇಪ್ಪತ್ತರ ದಶಕದ ಆರಂಭದಲ್ಲಿ. ಕೊಂಡ ಮರಿಗೆ ತಾಜಮಹಲಿನಲ್ಲಿ ಮಲಗಿರುವ ರಾಣಿಯ ಹೆಸರನ್ನು ಇಟ್ಟರು. ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡ ರಾಣಿಯ ಹೆಸರನ್ನು ಪಂದ್ಯದ ಕುದುರೆಗೆ ಇಡುವುದು ಎಷ್ಟು ಮಂಗಳಕರವೆಂದು ನಮ್ಮ ಕಡೆಯ ಅಜ್ಜಿಯರು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ವಾಟ್‌ಕೂಂಬಿನಲ್ಲಿದ್ದ ರಿಚರ್ಡ್ ಡಾಸನ್ನರ ಲಾಯದಲ್ಲಿ ಅವಳ ಶಿಕ್ಷಣ ನಡೆಯಿತು. 1923ರ ವಸಂತದಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಮೊದಲ ಬಾರಿಗೆ ಪಂದ್ಯಕ್ಕೆ ಇಳಿದಳು. ದೂರ ಐದು ಫರ್ಲಾಂಗು, ಎಂದರೆ ಸುಮಾರು ಒಂದು ಕಿಲೋಮೀಟರು. ಆ ಒಂದೇ ಓಟದಲ್ಲಿ ಮೈದಾನದ ಹಳೆಯ ದಾಖಲೆ ಮುರಿದುಹೋಯಿತು. ಬಳಿಕ ಜೂನ್ ತಿಂಗಳಿನಲ್ಲಿ ಆಸ್ಕಟ್ ಮೈದಾನ. ರಾಜರಾಣಿಯರು ತೆರೆದ ಗಾಡಿಯಲ್ಲಿ ಬಂದು ನೋಡುವ ಪಂದ್ಯಗಳವು. ಅಲ್ಲಿ ಕ್ವೀನ್ ಮೇರಿ ಸ್ಟೇಕ್ಸ್ ಎಂಬ, ಎರಡು ವರ್ಷದ ಫಿಲ್ಲಿಗಳಿಗಾಗಿ ಅದಕ್ಕೆ ಎರಡು ವರ್ಷ ಮೊದಲಷ್ಟೇ ಆರಂಭವಾಗಿದ್ದ ಪಂದ್ಯವನ್ನು ಅವಳು ಗೆದ್ದ ಅಂತರ ಹತ್ತು ಕುದುರೆಯುದ್ದ. ಐದು ಫರ್ಲಾಂಗಿನ ಓಟದಲ್ಲಿ ಅರ್ಧ ಉದ್ದ, ಒಂದು ಉದ್ದವೆಂದರೇ ದೊಡ್ಡ ಗೆಲುವು. ಹತ್ತು ಉದ್ದವೆಂದರೆ ಉಳಿದ ಕುದುರೆಗಳು ಬೇರೊಂದು ಪಂದ್ಯದಲ್ಲಿ ಓಡುತ್ತಿದ್ದಂತೆ. ಮಾಮೂಲಿನ ಪಂದ್ಯದಲ್ಲಿ ನೋಡುವವನಿಗೆ ಕೊನೆಯ ನೂರು ಗಜವೇ ರಸ. ಅವಳ ಪಂದ್ಯದಲ್ಲಿ ಮೊದಲ ನೂರು ಗಜದಲ್ಲಿಯೇ ಎಲ್ಲವೂ ಮುಗಿಯುತ್ತಿತ್ತು. ಹಾಗಿದ್ದರೂ ಜನ ಅವಳನ್ನು ನೋಡಲೆಂದೇ ಬಂದರು. ಫಲವನ್ನು ತಿಳಿದೂ ನೋಡಲು ಬರುವ ಈ ಬಗೆಯ ಪ್ರೇಕ್ಷಕರು ಯಕ್ಷಗಾನಕ್ಕೆ ಉಂಟು, ಕುದುರೆಪಂದ್ಯಕ್ಕೆ ಅಪರೂಪ.

ಸ್ಯಾಂಡೌನಿನಲ್ಲಿ ಗೆದ್ದಳು, ಗುಡ್‌ವುಡ್ಡಿನಲ್ಲಿ ಗೆದ್ದಳು, ಡಾನ್‌ಕ್ಯಾಸ್ಟರಿನಲ್ಲಿ ಷಾಂಪೇನ್ ಸ್ಟೇಕ್ಸ್ ಗೆದ್ದಳು. ಐದು ಪಂದ್ಯ, ಐದು ಗೆಲುವು. ಋತುವಿನ ಕೊನೆಗೆ ಕೆಂಪ್ಟನ್ ಪಾರ್ಕಿನಲ್ಲಿ ಆರನೆಯ ಪಂದ್ಯ. ದೂರ ಆರು ಫರ್ಲಾಂಗು. ಮಳೆಯಿಂದ ನೆಲ ಕೆಸರಾಗಿತ್ತು. ಗೆಲ್ಲುತ್ತ ಬಂದ ಕುದುರೆಗೆ ಹೆಚ್ಚು ತೂಕ ಹೊರಿಸುವುದು ಪಂದ್ಯದ ನ್ಯಾಯ. ಆರ್ಕೇಡ್ ಎಂಬ ಕುದುರೆ ಕಡಮೆ ತೂಕ ಹೊತ್ತುಕೊಂಡು ಬಂದು, ಅರ್ಧ ಉದ್ದದಿಂದ ಅವಳನ್ನು ಸೋಲಿಸಿತು. ಆ ಪಂದ್ಯಕ್ಕೆ ಅವಳನ್ನು ಇಳಿಸಬಾರದಾಗಿತ್ತೆಂದು ಹೇಳುವುದು ಈಗ ಸುಲಭ. ಆರ್ಕೇಡನ ಹೆಸರು ಇಂದು ಉಳಿದಿದ್ದರೆ ಅದು ಈ ಒಂದು ಅರ್ಧ ಉದ್ದದಿಂದ. ಸೋಲಿನ ಮೇಲೆಯೂ ಆ ವರ್ಷದ ಎರಡು ವರ್ಷದ ಕುದುರೆಗಳ ಅಧಿಕೃತ ಶ್ರೇಣಿಯಲ್ಲಿ, ಗಂಡು ಹೆಣ್ಣು ಸೇರಿದಂತೆ, ಅಗ್ರಸ್ಥಾನ ಮುಮ್ತಾಜ್ ಮಹಲಳದೇ ಆಯಿತು.

ಮೂರು ವರ್ಷದ ಪ್ರಾಯವೇ ಪಂದ್ಯದ ಕುದುರೆಗೆ ಒರೆಗಲ್ಲು. ಮಹಾಪಂದ್ಯಗಳೆಲ್ಲ ಆ ವಯಸ್ಸಿಗೆ ಮೀಸಲು. ದೂರ ಒಂದು ಮೈಲಿಯಿಂದ ಹಿಡಿದು ಒಂದು ಮುಕ್ಕಾಲು ಮೈಲಿಯವರೆಗೆ. 1924ರ ವಸಂತದಲ್ಲಿ, ನ್ಯೂಮಾರ್ಕೆಟ್ಟಿನಲ್ಲಿ, ಒಂದು ಮೈಲಿಯ ಸಾವಿರ ಗಿನಿ ಪಂದ್ಯಕ್ಕೆ ಅವಳು ನಿಂತಾಗ ಜನರ ಹಣವೆಲ್ಲ ಅವಳ ಮೇಲೆಯೇ. ಎಂದಿನಂತೆ ಮುಂದೆ ಹಾರಿದಳು. ಮುಕ್ಕಾಲು ಮೈಲಿಯವರೆಗೆ ಎಂದಿನ ಮುಮ್ತಾಜಳೇ. ಆಮೇಲೆ ಕಾಲು ಭಾರವಾಯಿತು; ಲಾರ್ಡ್ ರೋಸ್‌ಬೆರಿಯವರ ಪ್ಲ್ಯಾಕ್ ಎಂಬ ಫಿಲ್ಲಿ ಹಿಂದಿನಿಂದ ಬಂದು ದಾಟಿಹೋಯಿತು. ಎರಡನೆಯ ಸ್ಥಾನ. ಮತ್ತೆ ಆಸ್ಕಟ್ಟಿನಲ್ಲಿ, ಅದೇ ಒಂದು ಮೈಲಿಯ ಕಾರೊನೇಷನ್ ಸ್ಟೇಕ್ಸಿನಲ್ಲಿ, ಮೊದಲ ಮೂವರಲ್ಲಿಯೂ ಇಲ್ಲ. ಒಂದು ವರ್ಷದ ಹಿಂದೆ ಅದೇ ಮೈದಾನದಲ್ಲಿ ಹತ್ತು ಉದ್ದದ ಜಯಘೋಷ ಕೇಳಿದ್ದವಳಿಗೆ ಈಗ ನಿಶ್ಶಬ್ದ. 'ಐದು ಫರ್ಲಾಂಗಿನ ರಾಣಿ, ಆರನೆಯದಕ್ಕೆ ದಾಸಿ' ಎನ್ನುವಂಥ ತೀರ್ಪು ಸಿದ್ಧವಾಯಿತು.

ಇಲ್ಲಿ ಒಂದು ವಿಪರ್ಯಾಸವಿದೆ. ಅದೇ 1924ರಲ್ಲಿ, ಒಂದು ಮುಕ್ಕಾಲು ಮೈಲಿಗೂ ಮಿಕ್ಕಿದ ಸೇಂಟ್ ಲೆಜರ್ ಪಂದ್ಯವನ್ನು ಗೆದ್ದ ಸಾಮನ್ ಟ್ರೌಟ್ ಎಂಬ ಕುದುರೆಯ ಒಡೆಯರು ಅದೇ ಆಗಾ ಖಾನರು. ಅದರ ತಂದೆಯೂ ಅದೇ ದಿ ಟೆಟ್ರಾರ್ಕ್. ಒಬ್ಬನೇ ತಂದೆ, ಒಬ್ಬರೇ ಒಡೆಯರು. ಒಬ್ಬ ಮಗ ಎರಡು ಮೈಲಿಯ ಹತ್ತಿರ ಹತ್ತಿರ ಓಡಿ ಗೆಲ್ಲುತ್ತಾನೆ, ಮಗಳಿಗೆ ಒಂದು ಮೈಲಿ ಸಾಧ್ಯವಾಗುವುದಿಲ್ಲ. ವ್ಯತ್ಯಾಸವನ್ನು ತಾಯಂದಿರ ಕಡೆಗೆ ಹುಡುಕಬೇಕೆಂಬುದು ಸ್ಪಷ್ಟವಾಯಿತು.

ಡಾಸನ್ನರು ವಿವೇಕಿಗಳು. ಅವಳನ್ನು ಮತ್ತೆ ಅವಳ ದೂರಕ್ಕೇ ತಂದರು. ಗುಡ್‌ವುಡ್ಡಿನಲ್ಲಿ ಕಿಂಗ್ ಜಾರ್ಜ್ ಸ್ಟೇಕ್ಸ್ ಗೆದ್ದಳು. ಯಾರ್ಕಿನಲ್ಲಿ, ಹುಟ್ಟಿದ ಸೀಮೆಯಲ್ಲಿ, ನನ್‌ಥಾರ್ಪ್ ಪಂದ್ಯವನ್ನು ಆರು ಉದ್ದದಿಂದ ಗೆದ್ದು ಓಟವನ್ನು ನಿಲ್ಲಿಸಿದಳು. ಹತ್ತು ಪಂದ್ಯ, ಏಳು ಗೆಲುವು, ಎರಡು ಎರಡನೆಯ ಸ್ಥಾನ. ಇಡೀ ವೃತ್ತಿಜೀವನ ಎರಡು ಋತುಗಳೊಳಗೆ ಮುಗಿದುಹೋಯಿತು. ಅಂಕಿಗಳನ್ನು ಮಾತ್ರ ನೋಡುವವನು ಇದರಲ್ಲಿ ಅಂಥ ಅದ್ಭುತವೇನೆಂದು ಕೇಳಬಹುದು. ಅದು ಸರಿಯಾದ ಪ್ರಶ್ನೆಯೇ. ಮುಮ್ತಾಜ್ ಮಹಲ್ ಅಷ್ಟಕ್ಕೇ ನಿಂತಿದ್ದರೆ ಇಂದು ಇಷ್ಟು ಪುಟಗಳಿಗೆ ಅವಕಾಶವಿರುತ್ತಿರಲಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಕುದುರೆ ಸಾಕುವವರು ಅಕ್ಷರಶಃ ನಂಬುತ್ತಾರೆ. ಪುಸ್ತಕದಲ್ಲಿ ತಂದೆಯ ಹೆಸರು ಮೊದಲು ಬಂದರೂ, ಕುದುರೆಯ 'ಮನೆತನ' ಎಂದು ಅವರು ಎಣಿಸುವುದು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂಬ ಸಾಲನ್ನು. ಗೋತ್ರವನ್ನು ತಂದೆಯಿಂದ ಹೇಳಿಕೊಳ್ಳುವ ಮೈಸೂರು ಸೀಮೆಯ ಜನಕ್ಕೆ ಇದು ವಿಚಿತ್ರವೆನಿಸಬಹುದು. ಅಳಿಯಸಂತಾನವನ್ನು ಬಲ್ಲ ತುಳುನಾಡಿನವರಿಗೆ ಏನೂ ವಿಚಿತ್ರವಲ್ಲ. ಆಸ್ಟ್ರೇಲಿಯದ ಬ್ರೂಸ್ ಲೋ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಟಡ್ ಬುಕ್ಕಿನ ಹೆಣ್ಣುಸಾಲುಗಳನ್ನೆಲ್ಲ ಮೂಲದವರೆಗೆ ಅಗೆದು, ಒಂದೊಂದು ಮೂಲಮಾತೆಯ ಮನೆತನಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟನು. ಮುಮ್ತಾಜ್ ಮಹಲಳ ಮನೆತನ ಒಂಬತ್ತನೆಯದು. ಇದಕ್ಕೆ ಒಂದು ಲೌಕಿಕವಾದ ಕಾರಣವೂ ಉಂಟು. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಇಂದಿಗೂ ಅನುಮತಿಯಿಲ್ಲ; ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಗಂಡಿನ ಸೇವೆಯನ್ನು ಹಣ ತೆತ್ತು ಯಾರಾದರೂ ಪಡೆಯಬಹುದು. ಒಳ್ಳೆಯ ಹೆಣ್ಣು ಮಾತ್ರ ಇದ್ದವರ ಮನೆಯಲ್ಲಿಯೇ ಇರುತ್ತದೆ.

ಆಗಾ ಖಾನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹೆಸರಾಂತ ಗಂಡುಗಳನ್ನು ಅವರು ಒಂದೊಂದಾಗಿ ಅಮೆರಿಕಕ್ಕೆ ಮಾರಿದಾಗ ಇಂಗ್ಲಿಷ್ ಜನ ಅವರನ್ನು ಬಯ್ದರು. ವ್ಯಾಪಾರಿ ಬುದ್ಧಿಯೆಂದರು. ಆ ಬಯ್ಗುಳದಲ್ಲಿ ಸ್ವಲ್ಪ ನಿಜವೂ ಇತ್ತೆನ್ನಬೇಕು. ಆದರೆ ಹೆಣ್ಣುಸಾಲನ್ನು ಅವರು ಕೈಬಿಡಲಿಲ್ಲ.

ಮುಮ್ತಾಜ್ ಮಹಲಳ ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಮಾತ್ರ ಇಲ್ಲಿ ನೆನೆದರೆ ಸಾಕು: 1928ರಲ್ಲಿ ಹುಟ್ಟಿದ ಮಾಹ್ ಮಹಲ್, 1932ರಲ್ಲಿ ಹುಟ್ಟಿದ ಮುಮ್ತಾಜ್ ಬೇಗಮ್. ಇಬ್ಬರೂ ಓಟದಲ್ಲಿ ತಾಯಿಯಂತೆ ಹೆಸರು ಮಾಡಲಿಲ್ಲ. ಮಾಹ್ ಮಹಲಳನ್ನು, 1930ರ ಡರ್ಬಿಯನ್ನು ಗೆದ್ದಿದ್ದ ಬ್ಲೆನ್‌ಹೈಮಿಗೆ ಕೊಟ್ಟಾಗ 1933ರಲ್ಲಿ ಒಂದು ಬೂದುಬಣ್ಣದ ಗಂಡುಮರಿ ಹುಟ್ಟಿತು. ಅದೇ ಮಹಮೂದ್. ಬಣ್ಣದ ವಿಷಯದಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಕುದುರೆ ಬೂದುಬಣ್ಣದ್ದಾಗಬೇಕಾದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಬೂದುಬಣ್ಣದವರಾಗಿರಲೇಬೇಕು. ಒಂದು ತಲೆಮಾರಿನಲ್ಲಿ ತಪ್ಪಿದರೆ ಆ ಸಾಲಿನಲ್ಲಿ ಬಣ್ಣ ಮತ್ತೆ ತಾನಾಗಿ ಬರುವುದಿಲ್ಲ. ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇದ್ದು, ವರ್ಷ ಕಳೆದಂತೆ ಬೆಳ್ಳಗಾಗುವುದು ಇದರ ಸ್ವಭಾವ. ಆದುದರಿಂದ ಮಹಮೂದನ ಬೂದುಬಣ್ಣವು ತಾಯಿಯಿಂದ, ತಾಯಿಗೆ ಅಜ್ಜಿಯಿಂದ, ಅಜ್ಜಿಗೆ ಸುಣ್ಣದ ಮಚ್ಚೆಯ ಆ ವಿಚಿತ್ರಪುರುಷನಿಂದ, ಕೊಂಡಿ ಕಳಚದೆ ಬಂದುದು.

1936ರ ಜನವರಿಯಲ್ಲಿ ಮುಂಬಯಿಯಲ್ಲಿ ಆಗಾ ಖಾನರ ಸುವರ್ಣ ಮಹೋತ್ಸವ ನಡೆದು, ಅನುಯಾಯಿಗಳು ಅವರನ್ನು ಬಂಗಾರದಲ್ಲಿ ತೂಗಿದರು. ಕೆಲವು ತಿಂಗಳ ಬಳಿಕ ಎಪ್ಸಮ್ಮಿನ ಡರ್ಬಿಯಲ್ಲಿ ಮಹಮೂದ್ ನಿಂತಿತು. ದೂರ ಒಂದೂವರೆ ಮೈಲಿ. ಒಂದು ಮೈಲಿಯನ್ನೇ ತಾಳಲಾರದ ಅಜ್ಜಿಯ ಮೊಮ್ಮಗ ಒಂದೂವರೆ ಮೈಲಿಯನ್ನು ತಾಳೀತೇ ಎಂದು ಬಲ್ಲವರು ತಲೆಯಾಡಿಸಿದರು. ಒಡೆಯರ ಲಾಯದ ಇತರ ಕುದುರೆಗಳ ಮೇಲೆ ಇದ್ದಷ್ಟು ಭರವಸೆ ಇದರ ಮೇಲೆ ಇರಲಿಲ್ಲ. ನೆಲ ಒಣಗಿ ಗಟ್ಟಿಯಾಗಿತ್ತು. ಚಾರ್ಲಿ ಸ್ಮರ್ಕ್ ಸವಾರನಾಗಿದ್ದ ಮಹಮೂದ್, ನೇರಹಾದಿಯಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು, ಎರಡು ನಿಮಿಷ ಮೂವತ್ತಮೂರು ಮತ್ತು ನಾಲ್ಕೈದಾಂಶ ಸೆಕೆಂಡಿನಲ್ಲಿ ಗುರಿಯನ್ನು ಮುಟ್ಟಿತು. ಅದು ಡರ್ಬಿಯ ದಾಖಲೆ. ಮಹಾಯುದ್ಧ ಬಂದು ಹೋಯಿತು, ಸಾಮ್ರಾಜ್ಯ ಬಿದ್ದುಹೋಯಿತು. 1995ರಲ್ಲಿ ಲಾಮ್ತಾರ ಎಂಬ ಕುದುರೆ ಬರುವವರೆಗೆ, ಐವತ್ತೊಂಬತ್ತು ವರ್ಷ, ಆ ದಾಖಲೆ ಹಾಗೆಯೇ ನಿಂತಿತು. ಅಜ್ಜಿಯ ವಿಷಯದಲ್ಲಿ ಸಿದ್ಧವಾಗಿದ್ದ ತೀರ್ಪನ್ನು ಬರೆದವರು ಆ ಸಂಜೆ ಏನು ಮಾಡಿದರೆಂದು ಊಹಿಸಿಕೊಳ್ಳಬಹುದು.

ಇನ್ನೊಬ್ಬ ಮಗಳಾದ ಮುಮ್ತಾಜ್ ಬೇಗಮ್ ಕಂದುಬಣ್ಣದವಳು; ಬೂದಿನ ಕೊಂಡಿ ಅಲ್ಲಿ ಕಳಚಿತು. ವೇಗದ ಕೊಂಡಿ ಕಳಚಲಿಲ್ಲ. ಹದಿನಾಲ್ಕು ಪಂದ್ಯಗಳಲ್ಲಿ ಸೋಲನ್ನೇ ಕಾಣದ ಇಟಲಿಯ ನಿಯಾರ್ಕೋ ಎಂಬ ಕುದುರೆಯಿಂದ 1940ರಲ್ಲಿ ಅವಳಿಗೆ ನಸ್ರುಲ್ಲಾ ಹುಟ್ಟಿತು. ಮಹಾಮುಂಗೋಪಿ. ಲಾಯದಿಂದ ಹೊರಡಲು ಒಲ್ಲದು, ಹೊರಟರೆ ಮೈದಾನಕ್ಕೆ ಇಳಿಯಲೊಲ್ಲದು. ಯುದ್ಧದ ಕಾಲವಾದುದರಿಂದ ನ್ಯೂಮಾರ್ಕೆಟ್ಟಿನಲ್ಲಿ ನಡೆದ 1943ರ ಡರ್ಬಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಮನಸ್ಸು ಬಂದಿದ್ದರೆ ಗೆಲ್ಲುತ್ತಿತ್ತೆಂದು ಹಲವರ ಮತ. ಆಗಾ ಖಾನರು ಇದನ್ನೂ ಮಾರಿದರು. ಅದು ಕೈಬದಲಾಗಿ ಅಮೆರಿಕವನ್ನು ಸೇರಿ, ಅಲ್ಲಿ ಐದು ಬಾರಿ ದೇಶದ ಅಗ್ರಗಣ್ಯ ತಳಿಪಿತನೆನಿಸಿತು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಆ ಪಟ್ಟವನ್ನು ಪಡೆದ ಮೊದಲ ಕುದುರೆ ಅದೇ. 1973ರಲ್ಲಿ ಬೆಲ್ಮಾಂಟ್ ಪಂದ್ಯವನ್ನು ಮೂವತ್ತೊಂದು ಉದ್ದದಿಂದ ಗೆದ್ದು ಲೋಕವನ್ನು ಬೆರಗುಗೊಳಿಸಿದ ಸೆಕ್ರೆಟೇರಿಯಟ್ ಎಂಬು ಮಹಾಶ್ವ, ನಸ್ರುಲ್ಲಾನ ಮಗನಾದ ಬೋಲ್ಡ್ ರೂಲರನ ಮಗ. ಎಂದರೆ ಮುಮ್ತಾಜ್ ಮಹಲಳ ಮಗಳ ಮರಿಮಗ.

ಇಷ್ಟನ್ನು ಅವಳು ಕಾಣಲಿಲ್ಲ. ಫ್ರಾನ್ಸಿನ ಮಾರ್ಲಿ ಲ ವಿಲ್ ಎಂಬಲ್ಲಿದ್ದ ಆಗಾ ಖಾನರ ಅಶ್ವಶಾಲೆಯಲ್ಲಿ ಅವಳ ಮುಪ್ಪು ಕಳೆಯಿತು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ ಒಡೆಯರು ಸ್ವಿಟ್ಜರ್ಲೆಂಡಿನಲ್ಲಿ, ಕುದುರೆ ಶತ್ರುಗಳ ಕೈಗೆ ಸಿಕ್ಕಿದ ನೆಲದಲ್ಲಿ. ಫ್ರಾನ್ಸಿನ ಎಷ್ಟೋ ಒಳ್ಳೆಯ ಕುದುರೆಗಳನ್ನು ಜರ್ಮನರು ಸಾಗಿಸಿಕೊಂಡು ಹೋದ ಕಾಲವದು. ಒಂದು ಕಾಲಕ್ಕೆ ರಾಜಮನೆತನದವರ ಎದುರಿನಲ್ಲಿ ಹತ್ತು ಉದ್ದದಿಂದ ಗೆದ್ದವಳು, ಇಪ್ಪತ್ತು ದಾಟಿದ ಬಿಳಿಯ ಮುದಿಕುದುರೆಯಾಗಿ, ಅಲ್ಲಿಯೇ ಉಳಿದು 1945ರಲ್ಲಿ ತೀರಿಕೊಂಡಳು. ಯುದ್ಧದ ಸುದ್ದಿಗಳ ನಡುವೆ ಅದು ದೊಡ್ಡ ಸುದ್ದಿಯಾಗಿರಲಾರದು.

ಮನೆಯಲ್ಲಿ ಉಳಿಸಿಕೊಂಡ ಹೆಣ್ಣುಸಾಲು ಒಡೆಯರ ಕೈಬಿಡಲಿಲ್ಲ. ಮಾಹ್ ಮಹಲಳ ಮಗಳು ಮಾಹ್ ಇರಾನ್, ಅವಳ ಮಗಳು ಸ್ಟಾರ್ ಆಫ್ ಇರಾನ್, ಅವಳ ಮಗಳು 1956ರಲ್ಲಿ ಹುಟ್ಟಿದ ಪೆಟೀಟ್ ಎಟ್ವಾಲ್. ಐದು ತಲೆಮಾರು, ಐದೂ ಬೂದುಬಣ್ಣ. 1959ರಲ್ಲಿ ಪೆಟೀಟ್ ಎಟ್ವಾಲ್, ಅಜ್ಜಿಯ ಅಜ್ಜಿಗೆ ದಕ್ಕದಿದ್ದ ಸಾವಿರ ಗಿನಿ ಪಂದ್ಯವನ್ನು ಅದೇ ನ್ಯೂಮಾರ್ಕೆಟ್ಟಿನಲ್ಲಿ ಗೆದ್ದಳು. ಮುಂದುವರಿದು ಒಂದೂವರೆ ಮೈಲಿಯ ಓಕ್ಸನ್ನೂ ಗೆದ್ದಳು. ಒಟ್ಟು ಹತ್ತೊಂಬತ್ತು ಪಂದ್ಯಗಳಲ್ಲಿ ಹದಿನಾಲ್ಕು ಗೆಲುವು. ಆಗಾ ಖಾನರು ಇದನ್ನು ನೋಡಲು ಇರಲಿಲ್ಲ, 1957ರಲ್ಲಿಯೇ ತೀರಿಕೊಂಡಿದ್ದರು; ಅವಳು ಓಡಿದುದು ಅವರ ಮಗ ಅಲಿ ಖಾನರ ಬಣ್ಣದಲ್ಲಿ. ಅವಳ ಸಾಲಿನಲ್ಲಿಯೇ ಹುಟ್ಟಿದ ಜರ್ಕಾವ ಎಂಬ ಫಿಲ್ಲಿ, ಮೊಮ್ಮಗ ನಾಲ್ಕನೆಯ ಆಗಾ ಖಾನರ ಕಾಲದಲ್ಲಿ, 2008ರಲ್ಲಿ ಪ್ಯಾರಿಸಿನ ಆರ್ಕ್ ದ ತ್ರಿಯಾಂಫ್ ಪಂದ್ಯವನ್ನು ಗೆದ್ದು, ಏಳಕ್ಕೆ ಏಳು ಗೆಲುವಿನೊಡನೆ, ಸೋಲನ್ನೇ ಕಾಣದೆ ಓಟವನ್ನು ನಿಲ್ಲಿಸಿದಳು.

ಈಗ ಕುಣಿಗಲ್ಲಿಗೆ ಬರಬಹುದು. ಟಿಪ್ಪುವಿನ ಪತನದ ಮೇಲೆ ಕುಣಿಗಲ್ಲಿನ ಫಾರಂ ಕೈಯಿಂದ ಕೈಗೆ ದಾಟಿ, 1992ರಲ್ಲಿ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಯೊಂದರ ಆಡಳಿತಕ್ಕೆ ಬಂದಿತು. ಹೊರದೇಶಗಳಿಂದ ತಳಿಯ ಗಂಡುಗಳನ್ನು ತರಿಸಲಾಯಿತು. ಅವುಗಳಲ್ಲಿ ಒಂದು ಪ್ಲೇಸರ್‌ವಿಲ್. ಅದರ ತಂದೆ ಅಮೆರಿಕದ ಪ್ರಸಿದ್ಧ ತಳಿಪಿತ ಮಿಸ್ಟರ್ ಪ್ರಾಸ್ಪೆಕ್ಟರ್. ಅದರ ತಾಯಿ ಗೋಲ್ಡ್ ಡಿಗ್ಗರ್. ಅವಳ ತಂದೆ ನಾಷುವಾ. ನಾಷುವಾನ ತಂದೆ ನಸ್ರುಲ್ಲಾ. ನಸ್ರುಲ್ಲಾನ ತಾಯಿ ಮುಮ್ತಾಜ್ ಬೇಗಮ್. ಇನ್ನೊಂದು ಬರ್ಡನ್ ಆಫ್ ಪ್ರೂಫ್. ಅದರ ತಂದೆ ಫೇರಿ ಕಿಂಗ್. ಅದರ ತಂದೆ ನಾರ್ದರ್ನ್ ಡ್ಯಾನ್ಸರ್. ಅದರ ತಾಯಿ ನಟಾಲ್ಮ. ಅವಳ ತಾಯಿ ಅಲ್‌ಮಹಮೂದ್. ಅವಳ ತಂದೆ ಡರ್ಬಿಯ ಆ ಬೂದು ಮಹಮೂದ್. ಒಂದು ಕುದುರೆ ಒಬ್ಬ ಮಗಳ ಕಡೆಯಿಂದ, ಇನ್ನೊಂದು ಇನ್ನೊಬ್ಬ ಮಗಳ ಕಡೆಯಿಂದ, ಅಟ್ಲಾಂಟಿಕ್ ಸಾಗರವನ್ನು ಸುತ್ತಿಬಂದು, ತುಮಕೂರು ಜಿಲ್ಲೆಯ ಒಂದೇ ಹುಲ್ಲುಗಾವಲನ್ನು ಸೇರಿದುವು. ಬರ್ಡನ್ ಆಫ್ ಪ್ರೂಫಿನ ಮಗನಾಗಿ ಕುಣಿಗಲ್ಲಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಎಸ್. ಪದ್ಮನಾಭನ್ ಅವರ ಕೈಯಲ್ಲಿ ಪಳಗಿದ ಡೆಸರ್ಟ್ ಗಾಡ್ ಎಂಬ ಕುದುರೆ 2016ರಲ್ಲಿ ಮುಂಬಯಿಯ ಇಂಡಿಯನ್ ಡರ್ಬಿಯನ್ನು ಗೆದ್ದಿತು. ಅದು ಮುಮ್ತಾಜ್ ಮಹಲಳಿಂದ ಎಂಟನೆಯ ತಲೆಮಾರು. ಆಗಾ ಖಾನರ ಅಜ್ಜನ ಕಾಲದಲ್ಲಿ ಅರಬ್ಬೀ ಕುದುರೆಗಳು ಓಡಿದ ಊರಿನಲ್ಲಿಯೇ ಆ ಗೆಲುವು.

ಇದನ್ನು ಹೆಚ್ಚಾಗಿ ಹಿಗ್ಗಿಸುವುದೂ ನ್ಯಾಯವಲ್ಲ. ಎಂಟನೆಯ ತಲೆಮಾರಿಗೆ ಹೋದರೆ ಒಂದು ಕುದುರೆಗೆ 256 ಪೂರ್ವಜರ ಸ್ಥಾನಗಳು. ಅದರಲ್ಲಿ ಅವಳದು ಒಂದು. ನಾರ್ದರ್ನ್ ಡ್ಯಾನ್ಸರ್, ನಸ್ರುಲ್ಲಾ ಇವರ ರಕ್ತ ಇಂದು ಲೋಕದ ಅಶ್ವಶಾಲೆಗಳಲ್ಲೆಲ್ಲ ಹರಡಿರುವುದರಿಂದ, ಅವಳ ವಂಶದ್ದಲ್ಲದ ಪಂದ್ಯದ ಕುದುರೆಯನ್ನು ಹುಡುಕುವುದೇ ಕಷ್ಟ. ವೇಗವು ವಂಶದಿಂದ ಎಷ್ಟು, ಹುರುಳಿಯಿಂದ ಎಷ್ಟು, ಸವಾರನ ಕೈಯಿಂದ ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ದೊಡ್ಡ ವಂಶದ ದುಬಾರಿ ಕುದುರೆಗಳು ಕೊನೆಯ ಸ್ಥಾನದಲ್ಲಿ ಓಡುವುದನ್ನು ಮೈಸೂರಿನ ಪ್ರೇಕ್ಷಕರು ಬೇಕಾದಷ್ಟು ನೋಡಿದ್ದಾರೆ.

ಪಂದ್ಯದ ಕಾಲದಲ್ಲಿ ಬೆಳಗಿನ ಜಾವ ಆ ಹಾದಿಯಲ್ಲಿ ನಡೆದಾಡುವವರಿಗೆ ಕಾಣುವ ನೋಟವೊಂದುಂಟು. ಬೆಟ್ಟದ ಮಂಜು ಇನ್ನೂ ಇಳಿದಿರುವುದಿಲ್ಲ. ಅಭ್ಯಾಸ ಮುಗಿಸಿದ ಕುದುರೆಗಳನ್ನು ಕಂಬಳಿ ಹೊದೆಸಿ, ಬೆವರು ಆರಲೆಂದು ಸಯೀಸರು ನಿಧಾನವಾಗಿ ನಡೆಸುತ್ತಿರುತ್ತಾರೆ. ಹೆಚ್ಚಿನವು ಕಂದು, ಕೆಲವು ಕೆಂಪು. ಎಂದೋ ಒಮ್ಮೆ ಸಾಲಿನ ನಡುವೆ ಬೂದುಬಣ್ಣದ್ದೊಂದು ಬರುತ್ತದೆ. ಮಧ್ಯಾಹ್ನ ಮಾರಾಟವಾಗುವ ಪುಸ್ತಕದಲ್ಲಿ ಅದರ ತಂದೆಯ ಹೆಸರಿರುತ್ತದೆ, ತಾಯಿಯ ಹೆಸರಿರುತ್ತದೆ. ಅದಕ್ಕಿಂತ ಹಿಂದಿನವರಿಗೆ ಆ ಪುಟದಲ್ಲಿ ಜಾಗವಿಲ್ಲ.